ಜೇಜುರಿಯ ಟಾಕಗಳು: ಮೈಲಾರ ಪರಂಪರೆಯ ಲೋಹಸಾಕ್ಷ್ಯ

ಹೊರನಾಡಿನ ಸಂಶೋಧಕರಿಗೆ ಜೇಜುರಿಯ ಹೆಸರು ಬಹುಮಟ್ಟಿಗೆ ಎರಡು ಮಾರ್ಗಗಳಿಂದ ಪರಿಚಿತವಾಗಿದೆ. ಅರುಣ ಕೊಲಟಕರ ಅವರು ಇಂಗ್ಲಿಷಿನಲ್ಲಿ ರಚಿಸಿ 1976ರಲ್ಲಿ ಪ್ರಕಟಿಸಿದ, ಮರುವರ್ಷ ಕಾಮನ್‌ವೆಲ್ತ್ ಕಾವ್ಯ ಪ್ರಶಸ್ತಿಗೆ ಪಾತ್ರವಾದ ‘ಜೇಜುರಿ’ ಕಾವ್ಯ ಅವುಗಳಲ್ಲಿ ಒಂದು. ಅದೇ 1976ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟವಾಗಿ 1989ರಲ್ಲಿ ಇಂಗ್ಲಿಷಿಗೆ ಬಂದ, ಪಶುಪಾಲಕರ ದೈವಗಳನ್ನು ಕುರಿತ ಗುಂಥರ್ ಸೊಂಥೈಮರ್ ಅವರ ಗ್ರಂಥ ಇನ್ನೊಂದು. ಕಾವ್ಯವು ಕಲ್ಲು, ಬಾಗಿಲು, ಅರ್ಚಕರನ್ನು ಕಂಡಿತು. ಸಂಶೋಧನೆಯು ಕುರುಬ-ಧನಗರರ ಅಲೆದಾಟವನ್ನೂ ಐತಿಹ್ಯವನ್ನೂ ಹಿಡಿಯಿತು. ಇವೆರಡರ ನಡುವೆ, ಬೆಟ್ಟದ ಮೆಟ್ಟಿಲುಗಳ ಬುಡದ ಅಂಗಡಿಗಳಲ್ಲಿ ಹರಡಿಟ್ಟಿರುವ ಅಂಗೈಯಷ್ಟು ಅಗಲದ ಬೆಳ್ಳಿ, ಹಿತ್ತಾಳೆಯ ತಗಡುಗಳಿಗೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲವೆಂಬುದು ನಮ್ಮ ಭಾವನೆ. ಮರಾಠಿಯಲ್ಲಿ ‘ಟಾಕ’ ಎಂದು ಕರೆಯಲಾಗುವ ಈ ಉಬ್ಬುಚಿತ್ರದ ತಗಡುಗಳು ಪೂಜೆಯ ಸಾಮಗ್ರಿಗಳಾಗಿರುವಂತೆಯೇ ಕನ್ನಡ-ಮರಾಠಿ ಜನಸಮುದಾಯಗಳ ಸಂಬಂಧವನ್ನು ದಾಖಲಿಸಿರುವ ಲೋಹಪತ್ರಗಳೂ ಆಗಿವೆ. ಆದರೆ ಈ ಪತ್ರಗಳು ಕರಗಿಹೋಗುವಂಥವು. ಅದನ್ನೇ ಇಲ್ಲಿ ವಿವರಿಸಲು ಉದ್ದೇಶಿಸಿದ್ದೇವೆ.

ಜೇಜುರಿಯು ಪುಣೆ ಜಿಲ್ಲೆಯ ಪುರಂದರ ತಾಲೂಕಿನಲ್ಲಿ, ಪುಣೆಯಿಂದ ಆಗ್ನೇಯಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿದೆ. ಇಲ್ಲಿ ಖಂಡೋಬನಿಗೆ ಎರಡು ನೆಲೆಗಳಿವೆ. ಎತ್ತರದ ಕಡೇಪಠಾರವು ಹಳೆಯದು. ಊರಿಗೆ ಅಂಟಿಕೊಂಡ ಗುಡ್ಡದ ಮೇಲಿನ ಗಡಕೋಟ ಅನಂತರದ್ದು. ಯಾತ್ರಿಕರ ಬಹುಭಾಗವನ್ನು ಸೆಳೆಯುವುದು ಈ ಎರಡನೆಯದೇ. ಧನಗರ ಕುಲದಿಂದ ಮೇಲೆ ಬಂದ ಹೋಳಕರರಿಗೆ ಖಂಡೋಬನು ಕುಲದೈವವಾಗಿದ್ದುದರಿಂದ 18ನೆಯ ಶತಮಾನದಲ್ಲಿ ಈ ಕ್ಷೇತ್ರದ ಕಟ್ಟಡಗಳಿಗೆ ಆ ಮನೆತನದ ಆಶ್ರಯ ವಿಶೇಷವಾಗಿ ದೊರೆಯಿತು. ಚೈತ್ರ, ಮಾರ್ಗಶಿರ, ಪುಷ್ಯ, ಮಾಘ ಮಾಸಗಳ ಜಾತ್ರೆಗಳಲ್ಲದೆ, ಅಮಾವಾಸ್ಯೆಯು ಸೋಮವಾರ ಬಂದಾಗ ದೇವರ ಪಲ್ಲಕ್ಕಿ ಕರ್ಹಾ ನದಿಗೆ ಸ್ನಾನಕ್ಕೆ ಇಳಿಯುತ್ತದೆ. ಆ ದಿನಗಳಲ್ಲಿ ಎರಚುವ ಭಂಡಾರದಿಂದ, ಎಂದರೆ ಅರಿಸಿನದ ಪುಡಿಯಿಂದ, ಗುಡ್ಡವೇ ಹಳದಿಯಾಗುವುದರಿಂದ ‘ಚಿನ್ನದ ಜೇಜುರಿ’ ಎಂಬ ಮಾತು ಹುಟ್ಟಿದೆ. ಪುಷ್ಯ ಹುಣ್ಣಿಮೆಗೆ ಇಲ್ಲಿ ಕತ್ತೆಗಳ ಸಂತೆ ಸೇರುತ್ತದೆ. ದೇವರ ದರ್ಶನ ಮತ್ತು ವ್ಯಾಪಾರಗಳನ್ನು ಬೇರೆಬೇರೆಯಾಗಿ ಕಾಣುವ ನಮ್ಮ ಅಭ್ಯಾಸವನ್ನು ಈ ಊರಿನಲ್ಲಿ ತುಸು ಬದಿಗಿಡಬೇಕಾಗುತ್ತದೆ.

ದಕ್ಷಿಣದಿಂದ ಜನರು ಇಲ್ಲಿಗೆ ಬರುತ್ತಿದ್ದುದು ಹೊಸದಲ್ಲ. ಸದರ್ನ್ ಮರಾಠಾ ರೈಲ್ವೆಯ ಪುಣೆ-ಲೋಂಡಾ ಮಾರ್ಗವು 1890ರ ಹೊತ್ತಿಗೆ ಪೂರ್ಣಗೊಂಡಾಗ ಜೇಜುರಿಯು ಮಿರಜ, ಬೆಳಗಾವಿಗಳಿಗೆ ನೇರವಾಗಿ ಜೋಡಿಸಲ್ಪಟ್ಟಿತು. ಅದಕ್ಕೂ ಬಹು ಹಿಂದೆಯೇ ಕುರಿಹಿಂಡುಗಳ ದಾರಿ ಆ ಸಂಬಂಧವನ್ನು ಉಳಿಸಿಕೊಂಡು ಬಂದಿತ್ತು. ಖಂಡೋಬನು ಕರ್ನಾಟಕದಿಂದ ಬಂದವನೆಂದು ಮರಾಠಿ ಪರಂಪರೆಯೇ ಒಪ್ಪುತ್ತದೆ. ಕನ್ನಡದಲ್ಲಿ ‘ಏಳುಕೋಟಿ ಏಳುಕೋಟಿಗೋ’ ಎಂದು ಮೊಳಗುವ ಘೋಷವು ಜೇಜುರಿಯಲ್ಲಿ ‘ಯೇಳಕೋಟ’ ಆಗಿದೆ. ಮರಾಠಿಯಲ್ಲಿ ಏಳಕ್ಕೆ ‘ಸಾತ’ ಎನ್ನುವರಾದ್ದರಿಂದ ಘೋಷದ ಮೊದಲ ಪದ ಎಲ್ಲಿಂದ ಬಂತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. 12ನೆಯ ಶತಮಾನದ ಜೈನ ಕವಿ ಬ್ರಹ್ಮಶಿವನು ತನ್ನ ‘ಸಮಯಪರೀಕ್ಷೆ’ಯಲ್ಲಿ ಮೈಲಾರನನ್ನು ಹಾಸ್ಯಕ್ಕೆ ಗುರಿಮಾಡಿರುವುದರಿಂದ ಆ ಹೊತ್ತಿಗಾಗಲೇ ಕನ್ನಡ ನಾಡಿನಲ್ಲಿ ಈ ದೈವದ ಭಕ್ತರು ಪ್ರಬಲರಾಗಿದ್ದರೆಂದು ತಿಳಿಯಬಹುದು. ಹೂವಿನಹಡಗಲಿ ತಾಲೂಕಿನ ಮೈಲಾರ, ರಾಣೆಬೆನ್ನೂರು ತಾಲೂಕಿನ ದೇವರಗುಡ್ಡ, ಬೆಳಗಾವಿ ಜಿಲ್ಲೆಯ ಮಂಗಸೂಳಿ, ಬೀದರ ಸೀಮೆಯ ಖಾನಾಪುರ ಇವೆಲ್ಲ ಒಂದೇ ಸರದ ಮಣಿಗಳು. ಮಹಾರಾಷ್ಟ್ರದ ನಳದುರ್ಗ, ಅಣದೂರು, ಪಾಲಿಗಳನ್ನು ದಾಟಿ ಆ ಸರವು ಜೇಜುರಿಯನ್ನು ತಲಪುತ್ತದೆ.

ಇನ್ನು ಟಾಕದ ವಿಚಾರ. ಸಾಮಾನ್ಯವಾಗಿ ಎರಡು ಅಂಗುಲದಿಂದ ನಾಲ್ಕು ಅಂಗುಲ ಎತ್ತರದ, ಕೆಳಗೆ ಚೌಕಾಕಾರವಾಗಿದ್ದು ಮೇಲೆ ಕಮಾನಿನಂತೆಯೋ ಗೋಪುರದಂತೆಯೋ ಕೊನೆಗೊಳ್ಳುವ ತೆಳು ತಗಡು ಇದು. ಅದರ ಮೇಲೆ ಖಡ್ಗವೆತ್ತಿ ಕುದುರೆ ಏರಿದ ಖಂಡೋಬ, ಅದೇ ಕುದುರೆಯ ಮೇಲೆ ಮ್ಹಾಳಸಾದೇವಿ, ಕಾಲ ಬಳಿ ನಾಯಿ, ಕುದುರೆಯ ಗೊರಸಿನ ಕೆಳಗೆ ಮಣಿ ಮತ್ತು ಮಲ್ಲ ಎಂಬ ದೈತ್ಯರು, ಮೂಲೆಗಳಲ್ಲಿ ಸೂರ್ಯಚಂದ್ರರು ಉಬ್ಬಿ ನಿಂತಿರುತ್ತಾರೆ. ಎಲ್ಲ ಟಾಕಗಳಲ್ಲಿಯೂ ಇವಿಷ್ಟೂ ಇರಬೇಕೆಂದಿಲ್ಲ. ಅಗ್ಗದ ತಗಡಿನಲ್ಲಿ ದೈತ್ಯರು ಎರಡು ಗುಂಡು ಗುರುತುಗಳಾಗಿ ಉಳಿದಿರುವುದೂ ಉಂಟು.

ತಯಾರಿಕೆಯ ವಿಧಾನಗಳು ಮುಖ್ಯವಾಗಿ ಎರಡು. ಮೊದಲನೆಯದರಲ್ಲಿ ಅಕ್ಕಸಾಲಿಗನು ಬೆಳ್ಳಿಯನ್ನು ಬಡಿದು ತೆಳ್ಳಗಿನ ತಗಡು ಮಾಡಿಕೊಳ್ಳುತ್ತಾನೆ. ಬಡಿದಂತೆ ಲೋಹ ಗಡುಸಾಗುವುದರಿಂದ ನಡುನಡುವೆ ಬೆಂಕಿಯಲ್ಲಿ ಕಾಯಿಸಿ ಮೆದುಗೊಳಿಸಬೇಕಾಗುತ್ತದೆ. ಬಳಿಕ ದೇವರ ರೂಪವನ್ನು ತಗ್ಗಾಗಿ, ಎಡಬಲ ತಿರುಗಿಸಿ ಕೊರೆದಿರುವ ಲೋಹದ ಅಚ್ಚಿನ ಮೇಲೆ ತಗಡನ್ನಿಟ್ಟು, ಅದರ ಮೇಲೆ ಸೀಸದ ತುಂಡನ್ನಿರಿಸಿ ಸುತ್ತಿಗೆಯಿಂದ ಹೊಡೆಯಲಾಗುತ್ತದೆ. ಸೀಸವು ಮೆದುವಾದ್ದರಿಂದ ಅಚ್ಚಿನ ತಗ್ಗುಗಳಿಗೆ ಇಳಿದು ತನ್ನೊಡನೆ ತಗಡನ್ನೂ ಇಳಿಸುತ್ತದೆ. ಗಟ್ಟಿ ಲೋಹದಿಂದ ಹೊಡೆದರೆ ತಗಡು ಹರಿಯುತ್ತದೆ. ಎರಡನೆಯ ವಿಧಾನದಲ್ಲಿ ಅಚ್ಚು ಇಲ್ಲ. ಅರಗಿನ ಹಾಸಿನ ಮೇಲೆ ತಗಡನ್ನು ಅಂಟಿಸಿ ಹಿಂದಿನಿಂದ ಉಬ್ಬಿಸಿ, ಮತ್ತೆ ತಿರುಗಿಸಿ ಮುಂದಿನಿಂದ ಚಾಣದಿಂದ ಕಣ್ಣು, ಮೀಸೆ, ಲಗಾಮುಗಳನ್ನು ತಿದ್ದಲಾಗುತ್ತದೆ. ಇದಕ್ಕೆ ಹೊತ್ತು ಹೆಚ್ಚು, ಕೂಲಿಯೂ ಹೆಚ್ಚು. ಉಬ್ಬಿದ ಚಿತ್ರ ಚಪ್ಪಟೆಯಾಗದಂತೆ ಹಿಂಬದಿಯ ಪೊಳ್ಳಿಗೆ ಅರಗು ತುಂಬುವುದು, ತಾಮ್ರದ ತಗಡು ಕೂಡಿಸುವುದು ರೂಢಿಯಲ್ಲಿದೆ. ಈ ಕೆಲಸದವರನ್ನು ಮರಾಠಿಯಲ್ಲಿ ‘ಸೋನಾರ’ ಎನ್ನುವರು. ಉತ್ತರ ಕರ್ನಾಟಕದ ‘ಪತ್ತಾರ’ನೂ ಇದೇ ಉಳಿ, ಇದೇ ಅರಗು ಬಳಸಿ ಹರಕೆಯ ಬೆಳ್ಳಿ ಕಣ್ಣು, ಕೈಕಾಲು, ದೇವರ ಮುಖಗಳನ್ನು ಮಾಡಿಕೊಡುತ್ತಾನೆ.

ಅಚ್ಚಿನ ಬಳಕೆಯಿಂದ ಇತಿಹಾಸಕಾರನಿಗೆ ಒದಗುವ ಲಾಭವೊಂದಿದೆ. ಒಂದೇ ಅಚ್ಚಿನಿಂದ ನೂರಾರು ಟಾಕಗಳು ಹೊರಬೀಳುತ್ತವೆ. ಅಚ್ಚು ತಂದೆಯಿಂದ ಮಗನಿಗೆ ಬರುತ್ತದೆ. ಬಳಸಿದಂತೆ ಅದರ ಅಂಚುಗಳು ಸವೆದು ಮುಖಗಳು ಮೃದುವಾಗುತ್ತವೆ. ಹೀಗಾಗಿ ಬೇರೆಬೇರೆ ಜಿಲ್ಲೆಗಳ ಮನೆಗಳಲ್ಲಿ ದೊರೆತ ಟಾಕಗಳನ್ನು ಪಕ್ಕಪಕ್ಕದಲ್ಲಿರಿಸಿದರೆ ಒಂದೇ ಅಚ್ಚಿನವು ಯಾವುವು, ಅವುಗಳಲ್ಲಿ ಮೊದಲಿನವು ಯಾವುವು ಎಂಬುದನ್ನು ನಾಣ್ಯಶಾಸ್ತ್ರಜ್ಞರ ರೀತಿಯಲ್ಲಿಯೇ ನಿರ್ಣಯಿಸಬಹುದು. ನಾಣ್ಯದ ಹೋಲಿಕೆ ಇಲ್ಲಿ ಬರಿಯ ಉಪಮೆಯಲ್ಲ. ‘ಟಾಕ’ ಶಬ್ದವನ್ನು ‘ಟಂಕ’ಕ್ಕೆ, ನಮ್ಮ ‘ಟಂಕಸಾಲೆ’ಯ ಟಂಕಕ್ಕೆ, ಜೋಡಿಸಬಹುದೆಂದು ನಮಗೆ ತೋರುತ್ತದೆ. ಹೋಳಕರರ ಇಂದೂರಿನ ಟಂಕಸಾಲೆಯ ಹೆಸರು ‘ಮಲ್ಹಾರನಗರ’. ಅಲ್ಲಿಯ ರೂಪಾಯಿಗಳ ಮೇಲೆ ಕಿರಣಗಳಿಂದ ಸುತ್ತುವರಿದ ಸೂರ್ಯನ ಮುಖವಿದೆ. ಖಂಡೋಬನ ಇನ್ನೊಂದು ಹೆಸರು ಮಾರ್ತಾಂಡ ಎಂಬುದನ್ನು ನೆನೆದರೆ, ಮನೆಯ ಜಗಲಿಯ ತಗಡೂ ರಾಜ್ಯದ ರೂಪಾಯಿಯೂ ಒಂದೇ ದೈವದ ಗುರುತನ್ನು ಹೊತ್ತು, ಅಚ್ಚೊತ್ತುವ ಒಂದೇ ಬಗೆಯ ಕೈಗೆಲಸದಿಂದ ಹೊರಬಂದವೆಂದು ಹೇಳಬಹುದು.

ಟಾಕವನ್ನು ಕೊಂಡ ಮಾತ್ರಕ್ಕೆ ಅದು ದೇವರಾಗುವುದಿಲ್ಲ. ಅಂಗಡಿಯಲ್ಲಿರುವವರೆಗೆ ಅದು ತೂಕಕ್ಕೆ ಮಾರುವ ಬೆಳ್ಳಿ. ಕೊಂಡವರು ಅದನ್ನು ಬೆಟ್ಟ ಹತ್ತಿಸಿ ಮೂಲದೇವರಿಗೆ ‘ಭೇಟಿ’ ಮಾಡಿಸಿ, ಭಂಡಾರ ಹಚ್ಚಿ ಮನೆಗೆ ಒಯ್ಯುತ್ತಾರೆ. ಅಲ್ಲಿ ಅದು ಕುಲದ ಇತರ ದೈವಗಳ ಟಾಕಗಳ ಸಾಲಿನಲ್ಲಿ ಸ್ಥಾನ ಪಡೆಯುತ್ತದೆ. ಆ ಸಾಲಿನಲ್ಲಿ ಭವಾನಿ, ಭೈರೋಬರಲ್ಲದೆ ಯುದ್ಧದಲ್ಲಿಯೋ ಅಪಮೃತ್ಯುವಿನಿಂದಲೋ ಸತ್ತ ಪೂರ್ವಜನು ‘ವೀರ’ನಾಗಿ ಕುಳಿತಿರುವುದುಂಟು. ನಿತ್ಯದ ಅಭಿಷೇಕ, ಹುಣಿಸೆಹಣ್ಣಿನ ಉಜ್ಜುವಿಕೆ, ಅರಿಸಿನದ ಲೇಪಗಳಿಂದ ಎರಡು ಮೂರು ತಲೆಮಾರುಗಳಲ್ಲಿ ಮುಖ ಅಳಿಸುತ್ತದೆ. ಆಗ ಕುಟುಂಬದವರು ದೇವರುಗಳನ್ನು ಗಂಟುಕಟ್ಟಿ, ವಾದ್ಯಸಮೇತ ಮತ್ತೆ ಜೇಜುರಿಗೆ ತರುತ್ತಾರೆ. ಸವೆದುದನ್ನು ‘ಉಜಳಿಸುವ’, ಎಂದರೆ ಬೆಳಗಿಸುವ, ಕ್ರಮ ನಡೆಯುತ್ತದೆ: ತಿದ್ದಲು ಸಾಧ್ಯವಿದ್ದರೆ ತಿದ್ದುವುದು, ಇಲ್ಲದಿದ್ದರೆ ಹೊಸದನ್ನು ಮಾಡಿಸುವುದು. ಅಣ್ಣತಮ್ಮಂದಿರು ಬೇರೆಯಾದಾಗಲೂ ಹೊಸ ಟಾಕಗಳು ಬೇಕಾಗುತ್ತವೆ. ಹಿಸ್ಸೆಯಲ್ಲಿ ಹೊಲವನ್ನು ಒಡೆಯಬಹುದು, ದೇವರನ್ನು ಒಡೆಯುವಂತಿಲ್ಲ. ಆದ್ದರಿಂದ ಕಿರಿಯನ ಒಲೆಗೆ ಹೊಸ ದೇವರು ಬರುತ್ತಾನೆ. ಜೇಜುರಿಯ ಅಕ್ಕಸಾಲಿಗನ ಕಸುಬು ಶತಮಾನಗಳವರೆಗೆ ಬಾಳಿದ ಗುಟ್ಟು ಇಲ್ಲಿದೆ. ಅವನ ಗಿರಾಕಿಯು ಒಮ್ಮೆ ಬಂದು ಹೋಗುವ ಯಾತ್ರಿಕನಲ್ಲ, ತಲೆಮಾರುಗಳ ಅಂತರದಲ್ಲಿ ಹಿಂದಿರುಗಿ ಬರುವ ಮನೆತನ.

ಕರ್ನಾಟಕದ ಓದುಗರಿಗೆ ಇದು ಅಪರಿಚಿತ ಪದ್ಧತಿಯಲ್ಲ. ಮನೆಯ ಜಗಲಿಯ ದೇವರನ್ನು ಹೊಳೆಗೆ ಒಯ್ದು ಮೀಯಿಸಿ, ಮೂಲಸ್ಥಾನಕ್ಕೆ ಕಾಣಿಸಿ ತರುವ ಆಚರಣೆಯು ನಮ್ಮ ಕುರುಬರಲ್ಲಿಯೂ ಇತರ ಅನೇಕ ಒಕ್ಕಲುಗಳಲ್ಲಿಯೂ ಇದೆ. ಭೇದವಿರುವುದು ವಸ್ತುವಿನಲ್ಲಿ. ತುಂಗಭದ್ರೆಯ ತೀರದ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯ ಕೇಂದ್ರವು ಗೊರವಯ್ಯನು ಬಿಲ್ಲೇರಿ ನುಡಿಯುವ ಕಾರಣಿಕ. ಅಲ್ಲಿಂದ ಭಕ್ತನು ಒಯ್ಯುವುದು ಒಂದು ನುಡಿ ಮತ್ತು ಒಂದು ಚಿಟಿಕೆ ಭಂಡಾರ. ಜೇಜುರಿಯಿಂದ ಒಯ್ಯುವುದು ರೂಪ. ಒಂದೇ ದೈವವು ಒಂದೆಡೆ ಕಿವಿಗೂ ಇನ್ನೊಂದೆಡೆ ಕಣ್ಣಿಗೂ ಹೆಚ್ಚು ಒಲಿದಿದೆ ಎಂದರೆ ಅತಿಶಯವಾಗಬಹುದೇನೋ. ಆದರೂ ಈ ವ್ಯತ್ಯಾಸ ಗಮನಾರ್ಹ.

ಟಾಕದಲ್ಲಿ ಯಾರಿದ್ದಾರೆ ಎಂಬುದರಷ್ಟೇ ಯಾರಿಲ್ಲ ಎಂಬುದೂ ಮುಖ್ಯ. ಖಂಡೋಬನಿಗೆ ಐವರು ಪತ್ನಿಯರೆಂದು ಜನಪದರು ಹೇಳುತ್ತಾರೆ. ಅವರಲ್ಲಿ ಲಿಂಗಾಯತ ವಾಣಿಗರ ಮಗಳು ಮ್ಹಾಳಸಾ ಮತ್ತು ಧನಗರರ ಮಗಳು ಬಾಣಾಯಿ ಮುಖ್ಯರು. ಸವತಿಯರಾದ ಇವರಿಬ್ಬರ ಜಗಳವು ಹಾಡುಗಳ ಅಚ್ಚುಮೆಚ್ಚಿನ ವಸ್ತು. ಜೇಜುರಿಯ ಗುಡ್ಡದಲ್ಲಿ ಬಾಣಾಯಿಯ ಗುಡಿಯು ಮೆಟ್ಟಿಲುಗಳ ನಡುದಾರಿಯಲ್ಲಿದೆ. ಮ್ಹಾಳಸಾ ಮೇಲೆ ದೇವರ ಬಳಿ ಇದ್ದಾಳೆ. ಟಾಕಗಳಲ್ಲಿಯೂ ಸಾಮಾನ್ಯವಾಗಿ ಇದೇ ಕ್ರಮ: ಕುದುರೆಯ ಮೇಲೆ ಜಾಗ ಮ್ಹಾಳಸೆಗೆ. ಧನಗರರೇ ಬಹುಸಂಖ್ಯೆಯಲ್ಲಿ ಕೊಳ್ಳುವ ತಗಡಿನಲ್ಲಿ ಧನಗರರ ಮಗಳಿಗೆ ಸ್ಥಳ ದೊರೆಯದಿರುವುದು ವಿಚಾರಕ್ಕೆ ಹಚ್ಚುವಂಥದು. ಕನ್ನಡ ಮೈಲಾರನಿಗೆ ಗಂಗಿಮಾಳವ್ವ ಮತ್ತು ಕುರುಬತ್ತೆವ್ವ ಎಂಬ ಪತ್ನಿಯರಿದ್ದು, ಎರಡನೆಯವಳ ಹೆಸರೇ ಅವಳ ಕುಲವನ್ನು ಸಾರುತ್ತದೆ. ಹಳೆಯ ಟಾಕವೊಂದರಲ್ಲಿ ಇಬ್ಬರು ಸ್ತ್ರೀಯರು ಕಂಡುಬಂದರೆ ಅದನ್ನು ಮಾಡಿಸಿದ ಮನೆತನದ ಹಿನ್ನೆಲೆಯನ್ನು ಪ್ರತ್ಯೇಕವಾಗಿ ವಿಚಾರಿಸಬೇಕೆಂದು ನಾವು ಸೂಚಿಸುತ್ತೇವೆ. ಇಡೀ ಸಾಲನ್ನು ಒಟ್ಟಿಗೆ ನೋಡಿದಾಗ ಇನ್ನೂ ಹೆಚ್ಚಿನ ಲಾಭವಿದೆ. ಊರು ಬಿಟ್ಟು ಬಂದ ಕುಟುಂಬವು ಭಾಷೆಯನ್ನು ಮರೆಯುತ್ತದೆ, ಅಡ್ಡಹೆಸರನ್ನು ಬದಲಿಸುತ್ತದೆ. ಬಿಟ್ಟುಬಂದ ಊರಿನ ದೈವದ ತಗಡನ್ನು ಮಾತ್ರ ಸಾಲಿನಿಂದ ತೆಗೆಯುವುದಿಲ್ಲ. ಶಂ.ಬಾ. ಜೋಶಿ ಅವರು ‘ಕಣ್ಮರೆಯಾದ ಕನ್ನಡ’ದಲ್ಲಿ ಊರುಗಳ ಹೆಸರು ಮತ್ತು ಆಚರಣೆಗಳಿಂದ ಹುಡುಕಿದ ಕನ್ನಡದ ಜಾಡನ್ನು ಈ ಜಗಲಿಗಳಲ್ಲಿಯೂ ಹುಡುಕಲು ಅವಕಾಶವಿದೆ.

ಟಾಕದ ಪಕ್ಕದಲ್ಲಿಯೇ ಮಾರಾಟಕ್ಕಿರುವ ಇನ್ನೊಂದು ಬಗೆಯ ಆಭರಣವನ್ನು ಬಿಟ್ಟರೆ ಈ ವಿವೇಚನೆ ಅಪೂರ್ಣವಾಗುತ್ತದೆ. ಅದು ಕವಡೆಯದು. ಮಾಲದೀವುಗಳ ಕಡಲಿನಿಂದ ಹಡಗುಗಳಲ್ಲಿ ಬಂದು, ಬಂಗಾಳ, ಒರಿಸ್ಸಾಗಳಲ್ಲಿ 19ನೆಯ ಶತಮಾನದವರೆಗೂ ಚಿಲ್ಲರೆ ನಾಣ್ಯವಾಗಿದ್ದ ಈ ಚಿಪ್ಪು ನಮ್ಮ ಮಾತಿನಲ್ಲಿ ‘ಕವಡೆ ಕಾಸಿನ ಬೆಲೆಯಿಲ್ಲದ್ದು’ ಎಂದು ಹೀಗಳೆಯಲ್ಪಟ್ಟರೂ ಮೈಲಾರನ ಹಾಗೂ ಎಲ್ಲಮ್ಮನ ಭಕ್ತರ ಕೊರಳಲ್ಲಿ ಪೂಜ್ಯವಾಯಿತು. ಚಿಪ್ಪಿನ ಉಬ್ಬಿದ ಬೆನ್ನನ್ನು ಉಜ್ಜಿ ತೂತು ತೆರೆದು, ಉಣ್ಣೆಯ ಹುರಿಯಲ್ಲಿಯೋ ತೊಗಲಿನ ಪಟ್ಟಿಯ ಮೇಲೆಯೋ ಒತ್ತಾಗಿ ಹೊಲಿಯುತ್ತಾರೆ. ನಮ್ಮ ಗೊರವರು ಕಂಬಳಿ, ಕರಡಿಗೂದಲಿನ ಕುಲಾವಿ, ಡಮರು, ದೋಣಿಗಳೊಡನೆ ಕವಡೆಯ ಸರ ಧರಿಸುತ್ತಾರೆ. ಜೇಜುರಿಯ ವಾಘ್ಯಾಗಳ ಗುರುತು ಕೊರಳಲ್ಲಿ ತೂಗುವ ಹುಲಿಯ ತೊಗಲಿನ ಭಂಡಾರದ ಚೀಲ. ‘ವಾಘ್ಯಾ’ ಎಂದರೆ ಮರಾಠಿಯಲ್ಲಿ ಹುಲಿಯವನೆಂದು ಅರ್ಥ ಹೇಳುತ್ತಾರೆ. ನಮ್ಮ ‘ವಗ್ಗಯ್ಯ’ನನ್ನೂ ಅದರೊಡನೆ ಇಟ್ಟು ನೋಡಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಹುಲಿಯ ತೊಗಲಿನ ವ್ಯಾಪಾರಕ್ಕೆ ಎಡೆಯಿಲ್ಲದಂತಾಗಿ, ಬಟ್ಟೆ ಮತ್ತು ಸಾದಾ ತೊಗಲು ಅದರ ಸ್ಥಾನಕ್ಕೆ ಬಂದವು.

ಕವಡೆಯ ಸರದ ಇತಿಹಾಸದಲ್ಲಿ ಅಲಂಕಾರಕ್ಕಿಂತ ಬಂಧನದ ಪಾಲು ದೊಡ್ಡದು. ಹರಕೆಯ ಫಲವಾಗಿ ಹುಟ್ಟಿದ ಹೆಣ್ಣುಮಗುವನ್ನು ದೇವರಿಗೆ ಒಪ್ಪಿಸುವಾಗ ಅವಳ ಕೊರಳಿಗೆ ಕಟ್ಟುತ್ತಿದ್ದುದು ‘ಗಾಠಾ’ ಎಂಬ ಈ ಕವಡೆಯ ಮಾಲೆ. ಅದು ತಾಳಿಗೆ ಸಮಾನ. ಕಟ್ಟಿದ ಬಳಿಕ ಅವಳು ಮುರಳಿ, ಎಂದರೆ ದೇವರ ಹೆಂಡತಿ, ಮನುಷ್ಯನೊಡನೆ ವಿವಾಹಕ್ಕೆ ಅನರ್ಹಳು. ಹಾಡುಕುಣಿತಗಳ ಹೆಸರಿನಲ್ಲಿ ಅವಳ ಬಾಳು ಏನಾಗುತ್ತಿತ್ತೆಂಬುದನ್ನು ವಿವರಿಸಬೇಕಾಗಿಲ್ಲ. 20ನೆಯ ಶತಮಾನದ ಆರಂಭದ ವರ್ಷಗಳಲ್ಲಿ ಇದರ ವಿರುದ್ಧ ದನಿ ಎತ್ತಿದವರಲ್ಲಿ ಇಬ್ಬರನ್ನು ಇಲ್ಲಿ ಸ್ಮರಿಸಬೇಕು. 1908ರಲ್ಲಿ ‘ಸೋಮವಂಶೀಯ ಮಿತ್ರ’ ಪತ್ರಿಕೆಯನ್ನು ಆರಂಭಿಸಿದ ಪುಣೆಯ ಶಿವರಾಮ ಜಾನಬಾ ಕಾಂಬಳೆ ಅವರು ದಲಿತ ಕುಟುಂಬಗಳಿಗೆ ಮುರಳಿ ಪದ್ಧತಿಯನ್ನು ತೊರೆಯುವಂತೆ ಕರೆಯಿತ್ತರು. ವಿಠ್ಠಲ ರಾಮಜಿ ಶಿಂದೆ ಅವರು ಜೇಜುರಿಯ ಈ ಪದ್ಧತಿಯನ್ನು ವಿಚಾರಿಸಿ ಸಾರ್ವಜನಿಕರ ಮುಂದಿಟ್ಟರು. 1873ರಲ್ಲಿ ಜಮಖಂಡಿಯಲ್ಲಿ ಹುಟ್ಟಿದ ಶಿಂದೆಯವರು ಕನ್ನಡ ಪರಿಸರದಲ್ಲಿ ಬೆಳೆದವರು. ಮೈಲಾರ-ಎಲ್ಲಮ್ಮರ ಸೀಮೆಯಲ್ಲಿ ಇಂಥದೇ ಮಾಲೆಗಳು ಕೊರಳೇರುವುದು ಅವರಿಗೆ ದೂರದ ಸುದ್ದಿಯಾಗಿರಲಾರದು. ಮುಂಬಯಿ ಪ್ರಾಂತದ ದೇವದಾಸಿ ಸಂರಕ್ಷಣಾ ಕಾಯಿದೆ 1934ರಲ್ಲಿ ಬಂದಿತು. ಕರ್ನಾಟಕವು 1982ರಲ್ಲಿಯೂ ಮಹಾರಾಷ್ಟ್ರವು 2005ರಲ್ಲಿಯೂ ಪ್ರತ್ಯೇಕ ಕಾಯಿದೆಗಳನ್ನು ರೂಪಿಸಿದವು. ಕರಕುಶಲ ವಸ್ತುಗಳ ಪ್ರದರ್ಶನಗಳಲ್ಲಿ ಕವಡೆಯ ಸರವನ್ನು ‘ಜನಪದ ಆಭರಣ’ ಎಂಬ ಚೀಟಿಯಡಿ ಇರಿಸುವವರು ಚೀಟಿಯಲ್ಲಿ ಇನ್ನೆರಡು ಸಾಲು ಸೇರಿಸುವುದು ನ್ಯಾಯ.

ಮತ್ತೆ ಟಾಕಕ್ಕೆ ಬರೋಣ. ಈಚಿನ ದಶಕಗಳಲ್ಲಿ ಯಂತ್ರದ ಒತ್ತುಗಳಲ್ಲಿ ತಯಾರಾದ ತಗಡುಗಳು ಪೇಟೆಯನ್ನು ತುಂಬಿವೆ. ಇವುಗಳ ಗೆರೆಗಳು ಸ್ಪಷ್ಟ, ಬೆಲೆ ಕಡಿಮೆ, ಮುಖಗಳು ಎಲ್ಲೆಡೆಯೂ ಒಂದೇ. ಬೆಳ್ಳಿಯ ಧಾರಣೆ ಏರಿದಂತೆ ತಗಡು ತೆಳ್ಳಗಾಗಿದೆ. ತೆಳ್ಳಗಾದಂತೆ ಉಬ್ಬಿನ ಆಳ ತಗ್ಗಿದೆ. ಹಳೆಯ ಅಕ್ಕಸಾಲಿಗನು ಕುದುರೆಯ ಕತ್ತಿಗೆ ಕೊಡುತ್ತಿದ್ದ ಬಾಗು, ಒಬ್ಬನು ದಪ್ಪ ಮೀಸೆಯನ್ನೂ ಮತ್ತೊಬ್ಬನು ಅಗಲ ಕಣ್ಣನ್ನೂ ತಿದ್ದುತ್ತಿದ್ದ ರೀತಿ, ಇಂಥ ಕೈಗುರುತುಗಳು ಯಂತ್ರದ ತಗಡಿನಲ್ಲಿ ಉಳಿಯುವುದಿಲ್ಲ. ಆದರೂ ಯಂತ್ರವನ್ನು ಮಾತ್ರ ದೂರುವುದು ಸರಿಯಾಗದು. ಅಚ್ಚೂ ಒಂದು ಬಗೆಯ ಯಂತ್ರವೇ. ಬಡ ಕುರಿಗಾಹಿಯ ಮನೆಗೂ ದೇವರನ್ನು ತಲಪಿಸಿದ್ದು ಅಗ್ಗದ ಅಚ್ಚಿನ ತಗಡೇ ಹೊರತು ಅರಗಿನ ಮೇಲೆ ಕಡೆದ ದುಬಾರಿ ಕೆಲಸವಲ್ಲ.

ಯಂತ್ರಕ್ಕಿಂತ ದೊಡ್ಡ ನಷ್ಟವು ಪದ್ಧತಿಯ ಒಳಗೇ ಇದೆ. ಹೊಸದನ್ನು ಮಾಡಿಸುವಾಗ ಸವೆದ ಟಾಕದ ಬೆಳ್ಳಿಯು ತೂಕಕ್ಕೆ ಹಿಡಿಯಲ್ಪಟ್ಟು ಮೂಸೆಗೆ ಹೋಗಬಹುದು. ದೇವರ ಶಕ್ತಿ ಹೊಸದಕ್ಕೆ ಇಳಿದ ಮೇಲೆ ಹಳೆಯದು ಬರಿಯ ಲೋಹ. ಭಕ್ತನ ದೃಷ್ಟಿಯಿಂದ ಇದು ದೋಷವಲ್ಲ, ದೇವರು ಮರಳಿ ಯುವಕನಾದುದು. ಇತಿಹಾಸದ ದೃಷ್ಟಿಯಿಂದ ನೂರು ವರ್ಷ ಹಳೆಯ ಅಚ್ಚಿನ ಗುರುತು, ವೀರನ ಮುಖ, ಬಿಟ್ಟುಬಂದ ಊರಿನ ದೈವ ಇವೆಲ್ಲ ಕೆಲವು ನಿಮಿಷಗಳಲ್ಲಿ ಒಂದು ಗಟ್ಟಿ ಬೆಳ್ಳಿಯಾಗುತ್ತವೆ. ವಸ್ತುಸಂಗ್ರಹಾಲಯದಲ್ಲಿ ಉಳಿದ ಟಾಕವು ಸುರಕ್ಷಿತವಾದರೂ ಅದು ಯಾರ ಮನೆಯದು, ಯಾವ ಸಾಲಿನಲ್ಲಿ ಎಷ್ಟನೆಯದು ಎಂಬ ವಿವರ ಕಳೆದುಹೋದಲ್ಲಿ ಅರ್ಧ ಮಾತ್ರ ಉಳಿದಂತೆ.

ಆದ್ದರಿಂದ ದಾಖಲೆಯ ಕೆಲಸ ನಡೆಯಬೇಕಾದುದು ಅಕ್ಕಸಾಲಿಗನ ತಕ್ಕಡಿಯ ಬಳಿ. ಕುಟುಂಬದವರ ಒಪ್ಪಿಗೆಯಿಂದ, ಕರಗಿಸುವ ಮುನ್ನ ತಗಡಿನ ಎರಡೂ ಮುಖಗಳ ಛಾಯಾಚಿತ್ರ, ಅಳತೆ, ತೂಕ, ಹಿಂಬದಿಯ ಅರಗು-ತಾಮ್ರಗಳ ವಿವರ, ಇಡೀ ಸಾಲಿನ ಕ್ರಮ, ಮೂಲದ ಊರೆಂದು ಮನೆಯ ಹಿರಿಯರು ಹೇಳುವ ಹೆಸರು ಇಷ್ಟನ್ನು ಬರೆದಿಟ್ಟರೆ ಸಾಕು. ಕನ್ನಡ, ಮರಾಠಿ ಎರಡೂ ಬಲ್ಲವರು ಇದಕ್ಕೆ ಬೇಕು. ಮನೆಯ ಹೆಣ್ಣುಮಕ್ಕಳು ದೇವರನ್ನು ಎಣಿಸುವಾಗ ಬಳಸುವ ಹೆಸರುಗಳು ಅನೇಕ ವೇಳೆ ಗಂಡಸರು ಹೇಳುವ ಹೆಸರುಗಳಿಗಿಂತ ಹಳೆಯವಾಗಿರಬಹುದಾದ್ದರಿಂದ ಅವರನ್ನೂ ಕೇಳಬೇಕು. ಸೋಮವಾರದ ಅಮಾವಾಸ್ಯೆಯ ಜನಜಂಗುಳಿಯಲ್ಲಿ ಈ ಕೆಲಸ ಸಾಗದು. ಜಾತ್ರೆ ಮುಗಿದ ಮರುವಾರ, ಮಾಡಲು ಕೊಟ್ಟ ಟಾಕಗಳನ್ನು ಒಯ್ಯಲು ಕುಟುಂಬಗಳು ಮತ್ತೆ ಬರುವ ದಿನಗಳು ಇದಕ್ಕೆ ಹೆಚ್ಚು ಅನುಕೂಲ.